ಕೋಚಿಂಗ್, ಗೋಡಿ, ಡಬಲ್ಸ್, ಸಿಂಗಲ್ಸ್ ಮ್ಯಾಚ್: ವಾರದ ಐದು ತಾಸು ಟೆನಿಸ್ ಯಾವುದಕ್ಕ ಕೊಡಬೇಕು?

ಹುಬ್ಬಳ್ಳಿ-ಧಾರವಾಡದಾಗ ಟೆನಿಸ್ ಆಡೋ ಹೆಚ್ಚಿನ ಮಂದಿಗೆ ವಾರಕ್ಕ ಸಿಗೋದು ನಾಕೈದು ತಾಸು ಅಷ್ಟ. ಮುಂಜಾನೆ ಬಿಸಲು ಏರೂದ್ರೊಳಗ ಒಂದು ತಾಸು, ಇಲ್ಲಾ ಸಂಜಿಮುಂದ ಆಫೀಸು ಅಂಗಡಿ ಮುಗಿಸಿ ಬಂದಮ್ಯಾಲ ಲೈಟ್ ಇರೋ ಕೋರ್ಟ್ ಸಿಕ್ರ ಒಂದು ತಾಸು. ಕೋರ್ಟ್ ಕಡಿಮಿ, ಆಡೋರು ಹೆಚ್ಚು, ಹಿಂಗಾಗಿ ಇರೋ ಟೈಮ್ ಯಾವುದಕ್ಕ ಹಾಕಬೇಕು ಅನ್ನೋದು ಸಣ್ಣ ಪ್ರಶ್ನಿ ಅಲ್ಲ. ಕೋಚಿಂಗ್ ಹಚ್ಚೋದಾ, ಗೋಡಿಗೆ ಹೊಡಿಯೋದಾ, ಕ್ಲಬ್ಬಿನ ಹಿರಿಯಾರ ಜೋಡಿ ಡಬಲ್ಸ್ ಆಡೋದಾ, ಇಲ್ಲಾ ಸ್ಕೋರ್ ಹಿಡಿದು ಸಿಂಗಲ್ಸ್ ಮ್ಯಾಚ್ ಆಡೋದಾ.

ನನ್ನ ಉತ್ತರ ಮೊದಲ ಹೇಳಿಬಿಡ್ತೀನಿ, ಕಾರಣ ಆಮ್ಯಾಲ. ಹತ್ತು ಬಾಲ್ ರ‍್ಯಾಲಿ ನಡಸಾಕ ಬರ್ತೈತಿ, ಸರ್ವಿಸ್ ಬಾಕ್ಸ್ ಒಳಗ ಸರ್ವ್ ಹಾಕಾಕ ಬರ್ತೈತಿ ಅಂದ್ರ ನಿಮ್ಮ ಅರ್ಧಾ ಟೈಮ್ ಸ್ಕೋರ್ ಹಿಡಿದ ಸಿಂಗಲ್ಸ್‌ಗೆ ಕೊಡ್ರಿ, ಉಳಿದ ಅರ್ಧಾ ಆ ಮ್ಯಾಚಿನ್ಯಾಗ ಏನು ಕೆಟ್ಟು ಕಾಣಿಸ್ತೋ ಅದನ್ನ ರಿಪೇರಿ ಮಾಡಾಕ ಇಟ್ಟುಕೊಳ್ರಿ. ನಮ್ಮ ಕಡೆ ಹೆಚ್ಚಿನವರು ಇದನ್ನ ಉಲ್ಟಾ ಮಾಡ್ತಾರ, ವರ್ಷಗಟ್ಟಲೆ ಡ್ರಿಲ್ ಮಾಡ್ತಾರ, ಫೋರ್‌ಹ್ಯಾಂಡ್ ನೋಡಾಕ ಭಾಳ ಛಲೋ ಇರ್ತೈತಿ, ಆದ್ರ 4-4 ಆದಾಗ ಎರಡನೇ ಸರ್ವ್ (ಮೊದಲನೇದು ತಪ್ಪಿದ್ರ ಸಿಗೋ ಕಡೇ ಅವಕಾಶ) ಹಾಕು ಅಂದ್ರ ಕೈ ಗಟ್ಟಿ ಆಗಿಬಿಡ್ತೈತಿ. ಅದು ಅವರ ತಪ್ಪಲ್ಲ, ಅವರು ಅದನ್ನ ಯಾವತ್ತೂ ಪ್ರ್ಯಾಕ್ಟೀಸ್ ಮಾಡೇ ಇಲ್ಲ.

ಮ್ಯಾಚಿನ್ಯಾಗ ಅಂಥಾದ್ದೇನೈತಿ

ಡ್ರಿಲ್ಲಿನ್ಯಾಗ ಕೋಚ್ ಬುಟ್ಟಿಯಿಂದ ಬಾಲ್ ಕೊಡ್ತಾರ, ಅದು ಸೊಂಟದ ಎತ್ತರಕ್ಕ ಬರ್ತೈತಿ, ಎಲ್ಲಿ ಬರ್ತೈತಿ ಅಂತ ನಿಮಗ ಮೊದಲ ಗೊತ್ತು, ಎಲ್ಲಿ ಹೊಡೀಬೇಕು ಅಂತನೂ ಅವರ ಹೇಳ್ಯಾರ. ಅಂದ್ರ ಕಣ್ಣು, ತಲಿ, ಕಾಲು ಮೂರೂ ಮಾಡಬೇಕಾದ ಅರ್ಧಾ ಕೆಲಸ ಕೋಚ್ ಮಾಡಿಬಿಟ್ಟಿರ್ತಾರ. ಮ್ಯಾಚಿನ್ಯಾಗ ಎದುರಿನವ ಬಾಲ್ ಹೊಡಿಯೋ ಮೊದಲ ನೀವು ಅವನ ಭುಜ ನೋಡಿ ಊಹೆ ಮಾಡಬೇಕು, ಓಡಬೇಕು, ಓಡ್ತಾ ಓಡ್ತಾ ಇದನ್ನ ಕ್ರಾಸ್ ಹೊಡೀಲೋ, ಲೈನ್ ಮ್ಯಾಲ ಹೊಡೀಲೋ, ಎತ್ತಿ ಹಾಕಲೋ ಅಂತ ನಿರ್ಧಾರ ಮಾಡಬೇಕು, ಅದೂ 30-40 ಇದ್ದಾಗ ಒಂದು ನಿರ್ಧಾರ, 40-0 ಇದ್ದಾಗ ಇನ್ನೊಂದು.

ಇನ್ನೊಂದು ಲೆಕ್ಕ ನೋಡ್ರಿ. ಗ್ರ್ಯಾಂಡ್ ಸ್ಲಾಮ್ ಮಟ್ಟದ ಮ್ಯಾಚ್‌ಗಳ ಅಂಕಿಸಂಖ್ಯೆ ತೆಗೆದವರು ಹೇಳೋದು ಏನಂದ್ರ ಹತ್ತಿರ ಹತ್ತಿರ 70% ಪಾಯಿಂಟ್ ಮೊದಲ ನಾಕು ಹೊಡೆತದೊಳಗ ಮುಗೀತಾವ. ಅಂದ್ರ ಸರ್ವ್, ರಿಟರ್ನ್, ಅದರ ಮುಂದಿನ ಒಂದೊಂದು ಹೊಡೆತ, ಮುಗೀತು. ನಮ್ಮಂಥ ಕ್ಲಬ್ ಆಟಗಾರರ ಆಟನೂ ಉದ್ದ ಇರೂದಿಲ್ಲ, ಹೊಡೆತದ ಜೋರು ಕಡಿಮಿ ಇದ್ರೂ ತಪ್ಪು ಹೆಚ್ಚು ಅಲ್ರಿ. ಈಗ ನಿಮ್ಮ ಕೋಚಿಂಗ್ ತಾಸು ನೆನಪು ಮಾಡ್ಕೊಳ್ರಿ: ಮುಕ್ಕಾಲು ತಾಸು ಬೇಸ್‌ಲೈನ್ ರ‍್ಯಾಲಿ, ಕಡೀಗೆ ಹತ್ತು ನಿಮಿಷ ಸರ್ವ್, ರಿಟರ್ನ್ ಅಂತೂ ಇಲ್ಲೇ ಇಲ್ಲ. ಮ್ಯಾಚ್ ಆಡಿದ್ರ ಪ್ರತಿಯೊಂದು ಪಾಯಿಂಟೂ ಸರ್ವ್ ಇಲ್ಲಾ ರಿಟರ್ನಿಂದನ ಶುರು ಆಗ್ತೈತಿ, ಯಾವುದು ಹೆಚ್ಚು ಬೇಕೋ ಅದು ತಾನಾಗಿ ಹೆಚ್ಚು ಆಗ್ತೈತಿ.

ಸೋತ ಪಾಯಿಂಟ್‌ಗಳ ವಿಷಯನೂ ಇದರಾಗ ಬರ್ತೈತಿ. ರೋಜರ್ ಫೆಡರರ್ 2024ರಾಗ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಹುಡುಗರ ಮುಂದ ಮಾತಾಡುವಾಗ ತನ್ನದ ಲೆಕ್ಕ ಹೇಳಿದ: 1,526 ಸಿಂಗಲ್ಸ್ ಮ್ಯಾಚ್ ಆಡ್ಯಾನ, ಅದರಾಗ ಹತ್ತಿರ 80% ಗೆದ್ದಾನ, ಆದ್ರ ಒಟ್ಟು ಪಾಯಿಂಟ್‌ನ್ಯಾಗ ಗೆದ್ದಿದ್ದು 54% ಮಾತ್ರ. ಅಂಥವನೂ ನೂರಕ್ಕ 46 ಪಾಯಿಂಟ್ ಸೋತು ಆಮ್ಯಾಲ ಮುಂದಿನ ಪಾಯಿಂಟಿಗೆ ಹೋಗಿ ನಿಂತಾನ. ಸೋತಮ್ಯಾಲ 25 ಸೆಕೆಂಡಿನ್ಯಾಗ ತಲಿ ಖಾಲಿ ಮಾಡಿಕೊಂಡು ಮತ್ತ ಸರ್ವ್ ಹಾಕೋದು ಒಂದು ಸ್ಕಿಲ್, ಅದು ಬುಟ್ಟಿ ಬಾಲಿನ್ಯಾಗ ಬರೂದಿಲ್ಲ, ಯಾಕಂದ್ರ ಅಲ್ಲಿ ತಪ್ಪಿದ ಬಾಲಿಗೆ ಬೆಲೆನ ಇಲ್ಲ.

ಗೋಡಿ, ಬುಟ್ಟಿ ಸರ್ವ್, ರ‍್ಯಾಲಿ ಪಾರ್ಟ್‌ನರ್

ಗೋಡಿ ಸೋವಿ, ಯಾವಾಗ ಬೇಕಾದ್ರೂ ಸಿಗ್ತೈತಿ, ಅರ್ಧಾ ತಾಸಿನ್ಯಾಗ ಮ್ಯಾಚಿಗಿಂತ ಎಷ್ಟೋ ಪಟ್ಟು ಹೆಚ್ಚು ಬಾಲ್ ಹೊಡೀಬಹುದು. ಬಾಲ್ ಜಲ್ದಿ ವಾಪಸ್ ಬರ್ತೈತಿ, ಹಿಂಗಾಗಿ ರ‍್ಯಾಕೆಟ್ ಸಣ್ಣಗೆ ಹಿಂದ ತಗೊಂಡು ಹೋಗೋದು, ವಾಲಿ (ಬಾಲ್ ನೆಲಕ್ಕ ಬೀಳೂದ್ರೊಳಗ ಹೊಡಿಯೋದು) ಮಾಡೋದು ಇದಕ್ಕ ಛಲೋ. ಗೋಡಿ ಮ್ಯಾಲ ನೆಟ್ಟಿನ ಎತ್ತರಕ್ಕ, ಅಂದ್ರ ನಡಕ 91 ಸೆಂಟಿಮೀಟರ್, ಒಂದು ಸುಣ್ಣದ ಗೆರಿ ಎಳೀರಿ, ಅದಕ್ಕಿಂತ ಒಂದು ಮೊಳ ಮ್ಯಾಲ ಹೊಡೀರಿ. ಗದಗ, ಹಾವೇರಿ ಕಡೆ ಪಾರ್ಟ್‌ನರ್ ಸಿಗದವರಿಗೆ ಇದು ದೊಡ್ಡ ಆಸರ. ಆದ್ರ ಗೋಡಿ ನಿಮ್ಮನ್ನ ಮೋಸ ಮಾಡಿ ನೆಟ್ ಹತ್ತಿರನ ಬೀಳೋ ಡ್ರಾಪ್ ಹಾಕೂದಿಲ್ಲ, ಅಷ್ಟು ನೆನಪಿರಲಿ.

ಒಂದು ಬುಟ್ಟಿ ಹಳೇ ಬಾಲ್ ತಗೊಂಡು ಒಬ್ಬರ ಸರ್ವ್ ಹಾಕೋದು ನನ್ನ ಪ್ರಕಾರ ಮ್ಯಾಚ್ ಬಿಟ್ರ ಎರಡನೇ ನಂಬರಿನ ಪ್ರ್ಯಾಕ್ಟೀಸು. ಟೆನಿಸಿನ್ಯಾಗ ಪೂರ್ತಿ ನಿಮ್ಮ ಕೈಯಾಗಿರೋದು ಅದೊಂದ ಹೊಡೆತ. ಮೊದಲ ಎರಡನೇ ಸರ್ವ್ ಗಟ್ಟಿ ಮಾಡ್ರಿ, ಮೊದಲನೇದು ಆಮ್ಯಾಲ. ಹತ್ತು ಎರಡನೇ ಸರ್ವಿನ್ಯಾಗ ಒಂಬತ್ತು ಒಳಗ ಬಿದ್ರ ಮನಿಗೆ ಹೋಗೋದು, ಇಲ್ಲಾಂದ್ರ ಮತ್ತ ಶುರು, ಹಿಂಗ ಒಂದು ಶರತ್ತು ಹಾಕ್ಕೊಂಡ್ರ ಒಬ್ಬರ ಇದ್ರೂ ಮ್ಯಾಚಿನ ಒತ್ತಡ ಒಂದೀಟು ಬರ್ತೈತಿ.

ರ‍್ಯಾಲಿ ಪಾರ್ಟ್‌ನರ್ ಜೋಡಿ ಬರೇ ಹೊಡಕೊಂತ ನಿಲ್ಲೋದು ಭಾಳ ಮಜಾ ಕೊಡ್ತೈತಿ, ಮೈ ಬೆವರ್ತೈತಿ, ಆದ್ರ ಕಲಿಯೋದು ಕಡಿಮಿ. ಅದ ಪಾರ್ಟ್‌ನರ್ ಜೋಡಿ ಅದ ಟೈಮಿನ್ಯಾಗ 11 ಪಾಯಿಂಟಿನ ಗೇಮ್ ಆಡ್ರಿ.

ಕೋಚಿಂಗ್ ಬಿಡ್ರಿ ಅಂತ ಹೇಳ್ತಿಲ್ಲ

ಇದನ್ನ ಸ್ಪಷ್ಟ ಹೇಳಬೇಕು. ಗ್ರಿಪ್ ತಪ್ಪಿದ್ರ, ಸರ್ವಿಗೆ ಫೋರ್‌ಹ್ಯಾಂಡ್ ಗ್ರಿಪ್ ಹಿಡೀತಿದ್ರ, ಮೊಣಕೈ ನೋಯ್ತಿದ್ರ, ಸಾವಿರ ಮ್ಯಾಚ್ ಆಡಿದ್ರೂ ಅದು ಸರಿ ಆಗೂದಿಲ್ಲ, ಇನ್ನೂ ಗಟ್ಟಿ ಕೂತ್ಕೊಂತೈತಿ. ಅಲ್ಲಿ ಕೋಚ್ ಕಣ್ಣು ಬೇಕ ಬೇಕು. ಹೊಸ ಗ್ರಿಪ್ ಕಲಿಯುವಾಗ ಕೆಲವು ವಾರ ಸ್ಕೋರ್ ಹಿಡಿಯೋದ ಬ್ಯಾಡ, ಯಾಕಂದ್ರ 5-5 ಆದ ಕೂಡಲೇ ಕೈ ಹಳೇ ಗ್ರಿಪ್ಪಿಗೆ ಓಡಿಹೋಗ್ತೈತಿ.

ಆದ್ರ ಕೋಚಿಂಗ್ ಆರಿಸುವಾಗ ಎರಡು ಮಾತು ಕೇಳ್ರಿ. ಒಂದು, ಒಂದು ಕೋರ್ಟಿನ್ಯಾಗ ಎಷ್ಟು ಮಂದಿ? ಎಂಟು ಮಂದಿ ಸಾಲಿನ್ಯಾಗ ನಿಂತ್ರ ನೀವು ತಾಸಿನ್ಯಾಗ ಹೆಚ್ಚಿನ ಟೈಮ್ ಬಾಲ್ ಆರಿಸ್ತಿರ್ತೀರಿ. ಎರಡು, ಸರ್, ವಾರದಾಗ ಒಂದು ದಿನ ಮ್ಯಾಚ್ ಆಡಸ್ತೀರೇನ್ರಿ, ಆಡಸಿದ್ರ ನೀವು ನಿಂತು ನೋಡ್ತೀರೇನ್ರಿ ಅಂತ. ಹೌದು ಅನ್ನೋ ಕೋಚ್ ಸಿಕ್ರ ಬಿಡಬ್ಯಾಡ್ರಿ, ಎರಡು ಮೂರು ಕಿಲೋಮೀಟರ್ ದೂರ ಆದ್ರೂ ಅಡ್ಡಿಲ್ಲ.

ಡ್ರಿಲ್ ಹ್ಯಾಂಗ ಮಾಡಸ್ತಾರ ಅನ್ನೋದೂ ನೋಡಬೇಕು. 1979ರಾಗ ಶೇ ಮತ್ತ ಮಾರ್ಗನ್ ಅನ್ನೋ ಸಂಶೋಧಕರು ಕೈ ಚಲನೆ ಕಲಿಯೋದರ ಮ್ಯಾಲ ಒಂದು ಪ್ರಯೋಗ ಮಾಡಿದ್ರು. ಒಂದ ತರದ್ದನ್ನ ಸಾಲಾಗಿ ಮಾಡಿ ಮುಗಿಸಿ ಮುಂದಿನದಕ್ಕ ಹೋದವರು ಪ್ರ್ಯಾಕ್ಟೀಸ್ ಹೊತ್ತಿನ್ಯಾಗ ಜೋರಾಗಿ ಕಂಡ್ರು, ಕಲಸಿ ಮಿಲಾಯಿಸಿ ಮಾಡಿದವರು ತ್ರಾಸು ಪಟ್ರು, ಆದ್ರ ಕೆಲವು ದಿನ ಬಿಟ್ಟು ಪರೀಕ್ಷಾ ಮಾಡಿದಾಗ ಕಲಸಿ ಮಾಡಿದವರ ಕೈಯಾಗ ಅದು ಉಳಿದಿತ್ತು. ಐವತ್ತು ಫೋರ್‌ಹ್ಯಾಂಡ್ ಸಾಲಾಗಿ ಹೊಡೆದಾಗ ಬರೋ ಖುಷಿ ಮ್ಯಾಚ್ ದಿನ ಯಾಕ ಕಾಣೂದಿಲ್ಲ ಅನ್ನೋದಕ್ಕ ನನಗ ಇದರಷ್ಟು ಸರಿಯಾದ ಕಾರಣ ಬ್ಯಾರೆ ಸಿಕ್ಕಿಲ್ಲ. ಮ್ಯಾಚ್ ಅಂದ್ರ ಪೂರ್ತಿ ಕಲಸಿದ ಪ್ರ್ಯಾಕ್ಟೀಸು, ಎರಡು ಬಾಲ್ ಒಂದ ತರ ಬರೂದಿಲ್ಲ.

ಕ್ಲಬ್ ಡಬಲ್ಸ್, ನಮ್ಮ ಊರಿನ ಖರೇ ಟೆನಿಸ್

ಮುಂಜಾನೆ ಆರಕ್ಕ ಹೋದ್ರ ಯಾವ ಕ್ಲಬ್ಬಿನ್ಯಾಗ ನೋಡಿದ್ರೂ ಡಬಲ್ಸ್ ನಡದಿರ್ತೈತಿ. ರಿಟೈರ್ ಆದ ಬ್ಯಾಂಕಿನವರು, ಡಾಕ್ಟರು, ವಕೀಲರು, ಪ್ರೊಫೆಸರು, ಅರವತ್ತು ದಾಟಿದವರೂ ಇರ್ತಾರ, ಅವರ ಆಟಕ್ಕ ನಾನು ಕೈ ಮುಗೀತೀನಿ. ಓಡೂದಿಲ್ಲ, ಆದ್ರ ಬಾಲ್ ನಿಮ್ಮ ತಲಿ ಮ್ಯಾಲಿಂದ ಬೇಸ್‌ಲೈನಿಗೆ ಒಂದು ಗೇಣು ಒಳಗ ಇಳಸ್ತಾರ, ಇಪ್ಪತ್ತು ವರ್ಷದ ಹುಡುಗ ಹಿಂದ ಓಡಿ ಓಡಿ ಸುಸ್ತಾಗ್ತಾನ. ಬಾ ತಮ್ಮಾ, ಒಬ್ಬ ಕಡಿಮಿ ಆಗ್ಯಾನ ಅಂತ ಕಾಕಾ ಕರದ್ರ ಹೋಗ್ರಿ, ಇಲ್ಲಾ ಅನಬ್ಯಾಡ್ರಿ. ಲಾಬ್ (ತಲಿ ಮ್ಯಾಲಿಂದ ಎತ್ತಿ ಹಾಕೋದು), ಚಿಪ್ (ಬಾಲ್ ಕೆಳಗ ಸವರಿ ತಗ್ಗಿಗೆ ಹಾಕೋದು), ನೆಟ್ ಹತ್ತಿರ ಮೆತ್ತಗಿನ ಕೈ, ಬಾಲ್ ಎಲ್ಲಿ ಇಡಬೇಕು ಅನ್ನೋ ಬುದ್ಧಿ, ಇವು ಅಲ್ಲಿ ಪುಕ್ಕಟೆ ಸಿಗೋ ಪಾಠ. ನಾಕು ಮಂದಿ ಒಂದ ಕೋರ್ಟಿನ್ಯಾಗ ಆಡೋದ್ರಿಂದ ಕೋರ್ಟ್ ಕೊರತೆ ಇರೋ ನಮ್ಮ ಊರಿಗೆ ಇದು ಸರಿಯಾಗಿ ಹೊಂದ್ತೈತಿ ಅನ್ನೋದೂ ಖರೆ.

ಹಂಗಂತ ಅದೊಂದನ್ನ ಆಡಿದ್ರ ಸಿಂಗಲ್ಸ್ ಬರೂದಿಲ್ಲ, ಲೆಕ್ಕ ಹಾಕಿ ನೋಡ್ರಿ. 6-4 ಸೆಟ್ ಅಂದ್ರ ಹತ್ತು ಗೇಮು. ಸಿಂಗಲ್ಸ್‌ನ್ಯಾಗ ನೀವು ಐದು ಗೇಮ್ ಸರ್ವ್ ಮಾಡ್ತೀರಿ, ಡಬಲ್ಸ್‌ನ್ಯಾಗ ಎರಡೋ ಮೂರೋ. ಉಳಿದ ಗೇಮ್‌ನ್ಯಾಗ ಪಾರ್ಟ್‌ನರ್ ತಪ್ಪು ಮಾಡಿದ್ನೋ ನಾನು ಮಾಡಿದ್ನೋ ಅನ್ನೋದೂ ಮಸುಕು ಮಸುಕು ಇರ್ತೈತಿ. ಕೋರ್ಟ್ ಅಗಲ 8.23 ಮೀಟರಿನಿಂದ 10.97 ಆಗ್ತೈತಿ, ಆದ್ರ ನೀವು ಕಾಯೋದು ಅರ್ಧಾ ಮಾತ್ರ. ಅದ ನಾಕು ಮಂದಿ ದಿನಾ ಆಡಿದ್ರ ಒಬ್ಬರ ಸರ್ವ್ ಎಲ್ಲಿ ಬೀಳ್ತೈತಿ ಅಂತ ಇನ್ನೊಬ್ಬರಿಗೆ ಬಾಯಿಪಾಠ, ಹಿಂಗಾಗಿ ಹೊಸಾದನ್ನ ಎದುರಿಸೋ ಪ್ರಸಂಗನ ಬರೂದಿಲ್ಲ.

ಆದ್ರ ನಿಮ್ಮ ಗುರಿನ ಡಬಲ್ಸ್ ಇದ್ರ ಈ ಮಾತು ನಿಮಗ ಅನ್ವಯ ಆಗೂದಿಲ್ಲ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಾಗ 43ನೇ ವಯಸ್ಸಿನ್ಯಾಗ ಮ್ಯಾಥ್ಯೂ ಎಬ್ಡನ್ ಜೋಡಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ಜಗತ್ತಿನ ನಂಬರ್ 1 ಆದ್ರು. ಅದು ಬ್ಯಾರೆ ಆಟ, ಪೂರ್ತಿ ಆಟ. ನಲವತ್ತು ದಾಟಿ ಮೊಣಕಾಲು ಮಾತಾಡಾಕ ಶುರು ಮಾಡಿದವರಿಗೆ ನಾನು ಡಬಲ್ಸ್‌ನ ಮುಂದ ಮಾಡ್ತೀನಿ, ಆದ್ರ ಅವರೂ ಜೋಡಿ ಬದಲಿ ಮಾಡ್ಕೊಂತ, ಸ್ಕೋರ್ ಬರೆದಿಟ್ಟುಕೊಂತ ಆಡಬೇಕು.

ಸ್ಕೋರ್ ಹಿಡಿದ ಸಿಂಗಲ್ಸ್, ಹ್ಯಾಂಗ ಆಡಬೇಕು

ಸುಮ್ನ ಬಂದು ಒಂದು ಸೆಟ್ ಹೊಡದು ಚಹಾ ಕುಡದು ಹೋಗೋದು ಬ್ಯಾರೆ, ಕಲಿಯಾಕ ಮ್ಯಾಚ್ ಆಡೋದು ಬ್ಯಾರೆ. ವ್ಯತ್ಯಾಸ ಸಣ್ಣ ಸಣ್ಣ ವಿಷಯದಾಗ ಐತಿ. ಬಾಲ್ ಛಲೋ ಇರಬೇಕು, ಸತ್ತ ಬಾಲಿನ್ಯಾಗ ಆಡಿದ್ರ ರಿಟರ್ನ್ ಟೈಮಿಂಗ್ ಎಲ್ಲಾ ಸುಳ್ಳ, ಒಂದು ಡಬ್ಬಿ ತಂದು ಇಬ್ಬರೂ ರೊಕ್ಕ ಹಂಚಿಕೊಳ್ರಿ. ಸ್ಕೋರ್ ಪ್ರತಿ ಪಾಯಿಂಟಿಗೆ ಜೋರಾಗಿ ಹೇಳ್ರಿ. ಅಂಪೈರ್ ಇಲ್ಲದಾಗ ನಿಮ್ಮ ಕಡೆ ಲೈನ್ ನೀವ ಹೇಳಬೇಕು, ಅನುಮಾನ ಬಂದ್ರ ಬಾಲ್ ಒಳಗ ಅಂತನ ಕೊಡಬೇಕು, ಇದು ನಿಯಮ. 30-40 ಇದ್ದಾಗ ಎದುರಿನವನ ಬಾಲ್ ಲೈನ್ ಸವರಿಕೊಂಡು ಹೋಗಿದ್ದನ್ನ ಒಳಗ ಅಂತ ಹೇಳಾಕ ಗುಂಡಿಗಿ ಬೇಕು, ಅದು ಮಕ್ಕಳಿಗೆ ಎಷ್ಟು ಜಲ್ದಿ ಬರ್ತೈತೋ ಅಷ್ಟು ಛಲೋ.

ಒಂದ ತಾಸು ಕೋರ್ಟ್ ಇದ್ರ ಪೂರ್ತಿ ಮ್ಯಾಚ್ ಆಗೂದಿಲ್ಲ. ಆವಾಗ ಡ್ಯೂಸಿನ್ಯಾಗ, ಅಂದ್ರ 40-40 ಆದಾಗ, ಒಂದ ಪಾಯಿಂಟಿಗೆ ಗೇಮ್ ಮುಗಿಸೋ ನೋ-ಆ್ಯಡ್ ಪದ್ಧತಿಯೊಳಗ ಒಂದು ಸೆಟ್ ಆಡ್ರಿ, ಇಲ್ಲಾ ಗೇಮ್ ಲೆಕ್ಕ ಬಿಟ್ಟು ಬರೇ ಪಾಯಿಂಟ್ ಎಣಿಸೋ 10 ಪಾಯಿಂಟಿನ ಟೈಬ್ರೇಕ್ ಮೂರೋ ನಾಕೋ ಆಡ್ರಿ. ನನಗ ಟೈಬ್ರೇಕ್ ಭಾಳ ಸೇರ್ತೈತಿ, ಯಾಕಂದ್ರ ಅಲ್ಲಿ ಪ್ರತಿ ಪಾಯಿಂಟಿಗೂ ತೂಕ ಐತಿ, ಒಂದು ತಾಸಿನ್ಯಾಗ ಮೂರು ನಾಕು ಸಲ ಮ್ಯಾಚ್ ಮುಗಿಸೋ ಅನುಭವ ಸಿಗ್ತೈತಿ. ಸೋತವ ಬಾಲ್ ಆರಿಸಬೇಕು, ಇಲ್ಲಾ ಗಿರಮಿಟ್ ಕೊಡಸಬೇಕು, ಏನಾದ್ರೂ ಒಂದು ಪಣಕ್ಕಿಡ್ರಿ. ಸಣ್ಣದಾದ್ರೂ ಸಾಕು, ಕೈ ನಡುಗೋದು ಶುರು ಆಗಬೇಕು, ಆ ನಡುಗೋ ಕೈಲೇ ಸರ್ವ್ ಹಾಕಾಕ ಕಲೀಬೇಕು.

ಎದುರಾಳಿ ಯಾರು ಅನ್ನೋದು ಅರ್ಧಾ ವಿಷಯ. ಎಲ್ಲಾರೂ ತಮಗಿಂತ ಜೋರು ಇರೋವ್ರ ಜೋಡಿನ ಆಡಬೇಕಂತಾರ, ಅದು ಪೂರ್ತಿ ಸರಿ ಅಲ್ಲ. ಜೋರು ಇರೋವ ನಿಮ್ಮ ಬಿರುಕು ಎಲ್ಲೈತಿ ಅಂತ ತೋರಿಸ್ತಾನ, ಸಮಾ ಇರೋವ ಒತ್ತಡದಾಗ ಮುಗಸಾಕ ಕಲಿಸ್ತಾನ, ನಿಮಗಿಂತ ಕಡಿಮಿ ಇರೋವನ ಜೋಡಿ ಆಡುವಾಗ ಹೊಸ ಹೊಡೆತ ಪ್ರಯೋಗ ಮಾಡಾಕ, ಮುಂದಿದ್ದಾಗ ಹಿಡಿತ ಬಿಡದಂಗ ಇರಾಕ ಬರ್ತೈತಿ. ಮೂರೂ ಬೇಕು, ಆದ್ರ ಸಮಾ ಇರೋವ್ರು ಹೆಚ್ಚು ಇರಲಿ. ಬರೇ ಜೋರು ಇರೋವ್ರ ಜೋಡಿ 6-0, 6-1 ಸೋಲ್ತಾ ಹೋದ್ರ ಗೆಲ್ಲೋ ಅಭ್ಯಾಸನ ಆಗೂದಿಲ್ಲ. ಹುಬ್ಬಳ್ಳಿಯೊಳಗ ಎದುರಾಳಿ ಮುಗದ್ರಾ, ಧಾರವಾಡ ಇಪ್ಪತ್ತು ಕಿಲೋಮೀಟರು, ರ‍್ಯಾಕೆಟ್ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಚಿಗರಿ ಬಸ್ ಹತ್ರಿ.

ಮ್ಯಾಚ್ ಮುಗಿದ ಕೂಡಲೇ, ಬೆವರು ಆರೂದ್ರೊಳಗ, ಮೊಬೈಲಿನ್ಯಾಗ ಮೂರು ವಿಷಯ ಬರಕೊಳ್ರಿ: ಡಬಲ್ ಫಾಲ್ಟ್ (ಎರಡೂ ಸರ್ವ್ ತಪ್ಪೋದು) ಎಷ್ಟು, ರಿಟರ್ನ್ ಎಷ್ಟು ಹೊರಗ ಹೋದವು, ದೊಡ್ಡ ಪಾಯಿಂಟಿನ್ಯಾಗ ಏನು ಮಾಡಿದ್ರಿ. ನಾಕು ಮ್ಯಾಚಿನ ಇಂಥಾ ಬರಹ ಇದ್ರ ಮುಂದಿನ ವಾರದ ಪ್ರ್ಯಾಕ್ಟೀಸ್ ಏನು ಅಂತ ಯಾರನ್ನೂ ಕೇಳಬೇಕಾಗೂದಿಲ್ಲ, ಕೋಚಿಗೆ ತೋರಿಸಿದ್ರ ಅವರಿಗೂ ಕೆಲಸ ಹಗುರ.

ಮ್ಯಾಚಿನಿಂದ ಆಗೋ ಒಂದು ಹಾನಿನೂ ಹೇಳಬೇಕು. ಗೆಲ್ಲೋ ಆಸೆಗೆ ಮಂದಿ ಬರೇ ಎತ್ತಿ ಎತ್ತಿ ಹಾಕಿ ಎದುರಿನವನ ತಪ್ಪಿಗೆ ಕಾಯಾಕ ಶುರು ಮಾಡ್ತಾರ, 12 ವರ್ಷದೊಳಗಿನ ಮಕ್ಕಳಂತೂ ಭಾಳ. ಆ ವಯಸ್ಸಿನ್ಯಾಗ ಅದರಿಂದ ಕಪ್ ಬರ್ತಾವ, 16ಕ್ಕ ಬರೋಹೊತ್ತಿಗೆ ಅದು ನಡಿಯೂದಿಲ್ಲ. ಇದಕ್ಕ ಉಪಾಯ ಏನಂದ್ರ ಸೆಟ್ಟಿಗೊಂದು ನಿಯಮ: ಇವತ್ತು ಪ್ರತಿ ಗೇಮಿನ್ಯಾಗ ಒಂದು ಸಲ ನೆಟ್ಟಿಗೆ ಬರಬೇಕು, ಸೋತ್ರೂ ಅಡ್ಡಿಲ್ಲ.

ಟೂರ್ನಮೆಂಟ್ ಅಂದ್ರ ಎಷ್ಟು ಮ್ಯಾಚು?

ಪಾಲಕರು ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. 32 ಮಂದಿ ನಾಕೌಟ್ ಡ್ರಾ (ಸೋತವ ಹೊರಗ) ಅಂದ್ರ ಒಟ್ಟು 31 ಮ್ಯಾಚು, 16 ಮಂದಿ ಮೊದಲನೇ ಮ್ಯಾಚ್ ಸೋತು ಮನಿಗೆ, ಒಬ್ಬರಿಗೆ ಸರಾಸರಿ ಎರಡು ಮ್ಯಾಚೂ ಬರೂದಿಲ್ಲ. ಬೆಂಗಳೂರಿಗೆ ಟ್ರೇನು, ಲಾಡ್ಜು, ಊಟ, ಎಂಟ್ರಿ ಫೀ ಎಲ್ಲಾ ಕೂಡಿಸಿದ್ರ ಒಂದು ಮ್ಯಾಚಿಗೆ ಎಷ್ಟು ಬಿತ್ತು ನೋಡ್ರಿ. ಅದ ಊರಾಗ ಆರು ಮಂದಿ ಕೂಡಿ ರೌಂಡ್ ರಾಬಿನ್ (ಪ್ರತಿಯೊಬ್ಬರೂ ಉಳಿದ ಎಲ್ಲಾರ ಜೋಡಿ ಆಡೋದು) ಮಾಡಿದ್ರ 15 ಮ್ಯಾಚು, ಒಬ್ಬೊಬ್ಬರಿಗೆ ಐದು. ನಾಕು ಗೇಮಿನ ಸಣ್ಣ ಸೆಟ್ ಇಟ್ರ ಎರಡು ಭಾನುವಾರದಾಗ ಮುಗೀತೈತಿ. ದೇಶದ ಟೆನಿಸ್ ಸಂಸ್ಥೆ ಎಐಟಿಎ ಟೂರ್ನಮೆಂಟಿಗೆ 12, 14, 16, 18 ವಯಸ್ಸಿನೊಳಗಿನ ವಿಭಾಗದಾಗ ಕಳಸ್ರಿ, ಅಪರಿಚಿತ ಕೋರ್ಟು, ಅಪರಿಚಿತ ಎದುರಾಳಿ, ರೆಫರಿ, ಆ ವಾತಾವರಣ ಮನ್ಯಾಗ ಸಿಗೂದಿಲ್ಲ, ಆದ್ರ ಊರಾಗ ಛಲೋ ಸಂಖ್ಯೆಯೊಳಗ ಮ್ಯಾಚ್ ಆಡಿಸಿ ಆಮ್ಯಾಲ ಕಳಸ್ರಿ.

ಗೆಲುವು ಸೋಲು ಬಿಟ್ಟು ಪ್ರಗತಿ ಅಳಿಯಾಕ ರೇಟಿಂಗ್ ಅದಾವ. ಯುಟಿಆರ್ ಅನ್ನೋ ರೇಟಿಂಗ್ ಹಿಂದಿನ 12 ತಿಂಗಳ ಒಳಗಿನ 30ರವರೆಗಿನ ಮ್ಯಾಚ್ ಹಿಡೀತೈತಿ, ಎದುರಾಳಿ ಎಷ್ಟು ಜೋರು, ನಿಮ್ಮಿಂದ ಎಷ್ಟು ಗೇಮ್ ನಿರೀಕ್ಷೆ ಇತ್ತು, ಎಷ್ಟು ಗೆದ್ರಿ ಅಂತ ನೋಡ್ತೈತಿ, ಹಿಂಗಾಗಿ ಜೋರು ಇರೋವನ ಮುಂದ 6-4, 6-4 ಸೋತ್ರೂ ರೇಟಿಂಗ್ ಏರಬಹುದು. ಜಾಗತಿಕ ಟೆನಿಸ್ ಸಂಸ್ಥೆ ಐಟಿಎಫ್‌ನ ವರ್ಲ್ಡ್ ಟೆನಿಸ್ ನಂಬರ್ ಅನ್ನೋ ರೇಟಿಂಗ್ 40ರಿಂದ ಶುರು ಆಗಿ ಆಟ ಸುಧಾರಿಸಿದಂಗ 1ರ ಕಡೆ ಇಳೀತೈತಿ. ಸೋತು ಬಂದ ಮಗುಗೆ ಕಾರಿನ್ಯಾಗ ಆಟದ ಪೋಸ್ಟ್‌ಮಾರ್ಟಮ್ ಮಾಡೋದಕ್ಕಿಂತ ಇವತ್ತು ಎಷ್ಟು ಗೇಮ್ ತಗೊಂಡಿ ಪುಟ್ಟಾ ಅಂತ ಕೇಳೋದು ಸಾವಿರ ಪಾಲು ಛಲೋ.

ದೊಡ್ಡವರ ಆಟ ನೋಡೋ ಅವಕಾಶ ನಮ್ಮ ಊರಿಗೂ ಬಂದಿತ್ತು. 2023ರ ಅಕ್ಟೋಬರಿನ್ಯಾಗ ಧಾರವಾಡದಾಗ 25 ಸಾವಿರ ಡಾಲರಿನ ಐಟಿಎಫ್ ಪುರುಷರ ಟೂರ್ನಮೆಂಟ್ ಆತು, ರಾಮ್‌ಕುಮಾರ್ ರಾಮನಾಥನ್ ಗೆದ್ರು. ಅಂಥಾದ್ದು ಮತ್ತ ಬಂದ್ರ ಮಕ್ಕಳನ್ನ ಕರಕೊಂಡು ಹೋಗ್ರಿ, ಹೊಡೆತ ಬಿಟ್ಟು ಎರಡು ಪಾಯಿಂಟಿನ ನಡುವ ಅವರು ಏನು ಮಾಡ್ತಾರ ಅನ್ನೋದನ್ನ ನೋಡಾಕ ಹಚ್ಚರಿ.

ಯಾರಿಗೆ ಯಾವುದು

ಹೊಸಬರು ಮೊದಲ ಕೆಲವು ತಿಂಗಳು ಕೋಚಿಂಗ್ ಮತ್ತ ಗೋಡಿ, ಮ್ಯಾಚ್ ಅವಸರ ಬ್ಯಾಡ. ಹತ್ತು ವರ್ಷದೊಳಗಿನ ಮಕ್ಕಳಿಗೆ ಕೆಂಪು, ಕಿತ್ತಳೆ, ಹಸಿರು ಹಂತದ ಬಾಲ್ ಕೊಡ್ರಿ, ಕೆಂಪು ಬಾಲ್ ಸಾದಾ ಬಾಲಿಗಿಂತ 75% ನಿಧಾನ, ಕಿತ್ತಳೆ 50%, ಹಸಿರು 25%, ಸಣ್ಣ ಕೋರ್ಟಿನ್ಯಾಗ ಅವರೂ ಮೊದಲ ವಾರದಿಂದ ಪಾಯಿಂಟ್ ಆಡ್ತಾರ. ಹೈಸ್ಕೂಲು, ಕಾಲೇಜು ಹುಡುಗರು ಎರಡು ದಿನ ಕೋಚಿಂಗ್, ಎರಡು ದಿನ ಸಿಂಗಲ್ಸ್, ಒಂದು ದಿನ ಬುಟ್ಟಿ ಸರ್ವ್. ನೌಕರಿ ಮಾಡೋರು ಒಂದು ಸಿಂಗಲ್ಸ್ ಮ್ಯಾಚ್ ತಪ್ಪಿಸಬ್ಯಾಡ್ರಿ, ಉಳಿದ ದಿನ ಡಬಲ್ಸ್ ಆಡ್ರಿ, ತಿಂಗಳಿಗೆ ಒಂದೆರಡು ಸಲ ಕೋಚ್‌ನ ಒಂಟಿಯಾಗಿ ತಗೊಂಡು ಬರಕೊಂಡ ತಪ್ಪು ತೋರಸ್ರಿ. ಗದಗ, ಹಾವೇರಿಯವರು ವಾರದ ದಿನ ಗೋಡಿ, ಸರ್ವ್ ಮಾಡಿ ಭಾನುವಾರ ಮ್ಯಾಚಿಗೆ ಹುಬ್ಬಳ್ಳಿಗೆ ಬಂದ್ರೂ ಆಗ್ತೈತಿ, ಬರೋ ಮುಂದ ಎರಡು ಮ್ಯಾಚ್ ಫಿಕ್ಸ್ ಮಾಡ್ಕೊಂಡ ಬರ್ರಿ.

ಮತ್ತ ನಮ್ಮ ಹವಾಮಾನ ನೋಡಿ ವರ್ಷ ಹಂಚಿಕೊಳ್ರಿ. ಜೂನಿನಿಂದ ಸೆಪ್ಟೆಂಬರ್ ತನಕ ಧಾರವಾಡದ ಜಿಟಿಜಿಟಿ ಮಳಿಗೆ ಮಣ್ಣಿನ ಕೋರ್ಟ್ ಒಣಗೂದಿಲ್ಲ, ಗ್ರಿಪ್ ಬದಲಿ, ಸರ್ವ್ ತಿದ್ದೋದು, ಮೈ ಗಟ್ಟಿ ಮಾಡೋದು ಆವಾಗ ಇಟ್ಟುಕೊಳ್ರಿ. ಅಕ್ಟೋಬರಿನಿಂದ ಫೆಬ್ರುವರಿ ಮ್ಯಾಚಿಗೆ ಹೇಳಿ ಮಾಡಿಸಿದ ಕಾಲ, ಆವಾಗ ಸ್ಕೋರ್ ಹಿಡಿದ ಆಟ ಅರ್ಧಕ್ಕಿಂತ ಹೆಚ್ಚಿಗೆ ಏರಸ್ರಿ. ಏಪ್ರಿಲ್, ಮೇ ಬಿಸಲಿನ್ಯಾಗ ಮುಂಜಾನೆ ಎಂಟರೊಳಗ ಟೈಬ್ರೇಕ್ ಆಡಿ ಮುಗಸ್ರಿ, ನೀರಿನ ಜೋಡಿ ಲಿಂಬು ಉಪ್ಪು ಇರಲಿ.